ಸ್ನೈಪರ್ ಕಾಕಾ

ಲಕ್ಷ್ಮೇಶ್ವರದಲ್ಲಿ ಬಂದೂಕು ಇದ್ದವರಿಗಿಂತ ಬಂದೂಕು ಬಲ್ಲವರೇ ಹೆಚ್ಚು. ಅವರಿಗೆಲ್ಲ ಹಿರಿಯರು ನಮ್ಮ ಸ್ನೈಪರ್ ಕಾಕಾ. ಮಿಲಿಟರಿ ಪಿಂಚಣಿದಾರರು. ಅಲ್ಲಿ ಗುರಿಗಾರನಾಗಿದ್ದೆನೆಂದು ಅವರು ಹೇಳುತ್ತಾರೆ. ಸ್ಟೋರಿನಲ್ಲಿ ಕಂಬಳಿ ಎಣಿಸುತ್ತಿದ್ದರೆಂದು ಕಾಕು ಹೇಳುತ್ತಾರೆ.

ಚುನಾವಣೆ ಘೋಷಣೆಯಾದರೆ ಕಾಕಾರಿಗೆ ಸುಗ್ಗಿ. ಲೈಸನ್ಸ್ ಇದ್ದವರು ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕಲ್ಲ! ಎದುರಿನ ಚಹಾದಂಗಡಿಯಲ್ಲಿ ಗಿರ್ಮಿಟ್ ಪ್ಲೇಟು ಹಿಡಿದು ಕೂತ ಕಾಕಾ ಕಂಡದ್ದಕ್ಕೆಲ್ಲ ತೀರ್ಪು ಕೊಡುತ್ತಾರೆ. ದುರ್ಬೀನು ಇದ್ದರೆ ಅದು ಸ್ನೈಪರ್. ಇಲ್ಲದಿದ್ದರೆ, ದುರ್ಬೀನನ್ನು ಬ್ರಿಟಿಷರು ಬಿಚ್ಚಿಕೊಂಡು ಹೋದ ಸ್ನೈಪರ್. ಬಾಯಿಂದ ಮದ್ದು ತುಂಬುವ ಕೋವಿ ಬಂದರೆ, 1858ರಲ್ಲಿ ಮುಂಡರಗಿ ಭೀಮರಾಯರ ಕಡೆಯವರು ಕೊಪ್ಪಳ ಕೋಟೆಯಿಂದ ಗುರಿ ಹಿಡಿದ ಸ್ನೈಪರ್!

ಹೋದ ಚುನಾವಣೆಗೆ ಗೌಡರೊಬ್ಬರು ಅಜ್ಜನ ಕಾಲದ ರೈಫಲ್ ತಂದರು.

"ಗೌಡ್ರ, ಇದು ಎರಡನೇ ಮಹಾಯುದ್ಧದ್ದು. ಅಸಲಿ ಸ್ನೈಪರ್!" ಎಂದರು ಕಾಕಾ. ಗೌಡರ ಮೀಸೆ ತಾನಾಗಿಯೇ ಮೇಲೇರಿತು.

ಇಬ್ಬರೂ ಠಾಣೆಗೆ ಹೋದರು. ಅಲ್ಲಿ ಶಸ್ತ್ರಾಗಾರದ ಕೆಲಸ ಬಲ್ಲ ಹವಾಲ್ದಾರರೊಬ್ಬರು ಲೈಸನ್ಸ್ ಓದಿದರು. "ಕಾಕಾ, ಇದು .315. ಸೈನ್ಯದ .303 ಗುಂಡು ಮಂದಿ ಕೈಗೆ ಸಿಗಬಾರದಂತ ಇಶಾಪುರ ಕಾರ್ಖಾನ್ಯಾಗ ಬ್ಯಾರೆ ಗುಂಡಿಗೆ ಮಾಡಿದ್ದು. ನೋಡಾಕ ಅಣ್ತಮ್ಮ ಇದ್ದಂಗ ಅದಾವು, ಅಷ್ಟ."

"ಸ್ನೈಪರ್ ನೀ ನೋಡೀಯೇನು?"

"ಗುರುತು ಗೊತ್ತೈತ್ರಿ. ಬ್ರಿಟನ್ನಿನ ಕಾರ್ಖಾನ್ಯಾಗ ಚಲೋ ಗುರಿ ಹೊಡೆದ ಸೈನ್ಯದ ನಂಬರ್ 4 ರೈಫಲ್ ಆರಿಸಿ, ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಸ್ತಿದ್ರು. ದುರ್ಬೀನು ಕೂಡ್ಸಾಕ ಎಡಮಗ್ಗಲಿಗೆ ಎರಡು ಉಕ್ಕಿನ ಪಟ್ಟಿ, ಅಲ್ಲೇ 'ಟಿ' ಅಂತ ಮುದ್ರಿ. ಬಟ್‌ ಮ್ಯಾಲೆ ಗಲ್ಲ ಊರಾಕ ಕಟಿಗಿ ತುಂಡು, ತಳಕ್ಕ 'ಎಸ್ 51'. ದುರ್ಬೀನಿನ ನಂಬರ್ ಕಟಿಗಿ ಮ್ಯಾಲೂ ಕೊರೆದಿರಬೇಕು. ಎರಡೂ ಕೂಡಿದ್ರ ಜೋಡಿ ಅಸಲಿ."

ಕಾಕಾ ರೈಫಲನ್ನು ತಿರುಗಿಸಿ ಮುರುಗಿಸಿ ನೋಡಿದರು. ಪಟ್ಟಿ ಇಲ್ಲ, 'ಟಿ' ಇಲ್ಲ, ನಂಬರೂ ಇಲ್ಲ.

"ನೋಡಪಾ," ಎಂದರು, "ಸ್ನೈಪರ್ ಅಂದ್ರ ಗುಪ್ತ ಕೆಲಸ. ಗುರುತು ಇಟ್ಕೊಂಡು ಯಾರರ ಗುಪ್ತ ಕೆಲಸ ಮಾಡ್ತಾರೇನು? ಒಂದೂ ಗುರುತಿಲ್ಲ ಅಂದ್ರ ಇದು ಪಕ್ಕಾ ಅಸಲಿ!"

ಪುರಾವೆ ಇದ್ದರೆ ಗೆಲ್ಲುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಪುರಾವೆ ಇಲ್ಲದಿರುವುದನ್ನೇ ಪುರಾವೆ ಮಾಡಿಕೊಳ್ಳಲು ಮಾತ್ರ ಕಾಕಾರಂಥವರೇ ಬೇಕು. ಹವಾಲ್ದಾರರು ಸುಮ್ಮನೆ ರಸೀದಿಯಲ್ಲಿ '.315 ರೈಫಲ್, ಒಂದು' ಎಂದು ಬರೆದರು. ಗೌಡರು ಮುಖ ಗಂಟಿಕ್ಕಿ ಸಹಿ ಹಾಕಿ, ಕಾಕಾರೊಂದಿಗೆ ಹೊರಬಂದು ಅವರ ಗಿರ್ಮಿಟ್, ಚಹಾದ ದುಡ್ಡನ್ನು ತಾವೇ ಕೊಟ್ಟರು.

ಅಷ್ಟರಲ್ಲಿ ಇನ್ನೊಬ್ಬರು ಜೋಡುನಳಿಗೆ ಬಂದೂಕು ಹೊತ್ತು ಬಂದರು. ಕಾಕಾ ಕೈತೊಳೆದು ಎದ್ದರು:

"ಓಹೋ! ಒಂದು ಗುರಿ ತಪ್ಪಿದ್ರ ಇನ್ನೊಂದು. ಡಬಲ್ ಸ್ನೈಪರ್ ಇದು!"