ಉಪ್ಪಿಲ್ಲದ ಊರಿನ ಅಡುಗೆಭಟ್ಟ

ನಮ್ಮ ಮಾಣಿ ದಿನವೂ ಬೆಳಿಗ್ಗೆ ಆರಕ್ಕೆ ಸರಿಯಾಗಿ ಏಳುತ್ತಾನೆ. ಎದ್ದವನೇ ಬೆಳೆಗೆ ನೀರು ಹಾಕುತ್ತಾನೆ, ಕೋಳಿಗೂಡಿಗೆ ಹೋಗಿ ಮೊಟ್ಟೆ ತರುತ್ತಾನೆ, ಹಸುವಿನ ಬೆನ್ನು ಸವರಿ ಹಾಲು ಕರೆಯುತ್ತಾನೆ, ರವಿವಾರವಾದರೆ ಆಮೇಲೆ ಟಿ.ವಿ. ಮುಂದೆ ನಿಂತು ಅಡುಗೆ ಕಾರ್ಯಕ್ರಮ ನೋಡುತ್ತಾನೆ. ಇಷ್ಟೆಲ್ಲ ನಡೆಯುವಾಗ ಅವನ ದೇಹ ಶರಾವತಿ ದಡದ ಒಂದು ಹಂಚಿನ ಮನೆಯ ಮೆತ್ತಿನ (ಮಹಡಿಯ) ಮೇಲೆ ಕಂಬಳಿ ಹೊದ್ದು ಬಿದ್ದಿರುತ್ತದೆ. ಗಡಿಯಾರ ಹನ್ನೊಂದು ಹೊಡೆದಿರುತ್ತದೆ. ಕೆಳಗೆ ಕೊಟ್ಟಿಗೆಯಲ್ಲಿ ನಿಜವಾದ ಹಸು ನಿಜವಾದ ಹಸಿವಿನಿಂದ ಕೂಗುತ್ತಿರುತ್ತದೆ. "ಇದರ ಸೌಂಡು ಕಡಿಮೆ ಮಾಡೂಕೆ ಬರೂದಿಲ್ಲ" ಎಂದು ಗೊಣಗುತ್ತ ಮಾಣಿ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಾನೆ.

ಅವನ ಹೆಸರು ಬೇಡ. ಸಂಬಂಧದಲ್ಲಿ ನನಗೆ ಅಕ್ಕನ ಮಗ. ಆದರೆ ಹೆದ್ದಾರಿ 66ರಲ್ಲಿ ಮಿರ್ಜಾನಿನಿಂದ ಶಿರಾಲಿಯವರೆಗೆ ಎಲ್ಲಿ ಇಳಿದು ವಿಚಾರಿಸಿದರೂ ಇಂಥವನೊಬ್ಬ ಸಿಗುತ್ತಾನೆ. ಕೆಲಸ ಬೆಂಗಳೂರಿನ ಕಂಪನಿಯದು, ಕೂರುವುದು ಊರಿನ ಮನೆಯಲ್ಲಿ, ಆಫೀಸು ಶುರುವಾಗುವುದು ಅಮೆರಿಕದವರಿಗೆ ಬೆಳಗಾದ ಮೇಲೆ. ಮಧ್ಯೆ ಸಿಗುವ ಹೊತ್ತಿನಲ್ಲಿ ಕೃಷಿ. ಕಾಲಿಗೆ ಮಣ್ಣು ತಾಗದ, ಜಿಗಣೆ ಹತ್ತದ ಕೃಷಿ. ಪೇಟೆಯಲ್ಲಿ ಯಾರಾದರೂ "ಈಗ ಎಂತ ಮಾಡ್ಕಂಡಿದ್ದೆ?" ಎಂದು ಕೇಳಿದರೆ "ತೋಟ ನೋಡ್ಕಂಡಿದ್ದೆ" ಎನ್ನುತ್ತಾನೆ. ಸುಳ್ಳಲ್ಲ. ಯಾವ ತೋಟ ಎಂದು ಅವರು ಕೇಳುವುದಿಲ್ಲ, ಇವನು ಹೇಳುವುದಿಲ್ಲ.

ಆ ತೋಟ ಇರುವುದು 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಆಟದೊಳಗೆ. ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ ನಾಲ್ಕು ವರ್ಷಕ್ಕೂ ಮೇಲೆ ಒಬ್ಬನೇ ಕೂತು ಚಿತ್ರ, ಸಂಗೀತ, ಮಾತು, ಲೆಕ್ಕ ಎಲ್ಲವನ್ನೂ ತಾನೇ ಮಾಡಿ 2016ರ ಫೆಬ್ರುವರಿಯಲ್ಲಿ ಬಿಟ್ಟದ್ದು. ಕಥೆ ಕೇಳಿ: ಜೋಜಾ ಎಂಬ ದೊಡ್ಡ ಕಂಪನಿಯಲ್ಲಿ ಕಂಪ್ಯೂಟರ್ ಕುಟ್ಟಿ ಬೇಸತ್ತ ನೌಕರನೊಬ್ಬ, ತೀರಿಹೋದ ಅಜ್ಜ ಬರೆದಿಟ್ಟ ಪತ್ರ ಒಡೆದು, ಪೇಟೆ ಬಿಟ್ಟು, ಅಜ್ಜನ ಪಾಳುಬಿದ್ದ ಜಮೀನಿಗೆ ಬಂದು ಬದುಕು ಕಟ್ಟುತ್ತಾನೆ. ಮಾಣಿ ಇದನ್ನು ನನಗೆ ಹೇಳುವಾಗ ಗಂಟಲು ಕಟ್ಟಿತ್ತು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಅವನ ಅಜ್ಜನ ತೋಟ ಅಲ್ಲೇ, ಮೆತ್ತಿನ ಕೆಳಗೇ ಇತ್ತು. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಲು ಮರ ಹತ್ತುವ ಕೊನೆಗೌಡ ಸಿಗದೆ ಅವನ ಅಪ್ಪ ಅಂಗಳದಲ್ಲಿ ಫೋನು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದರು.

ಆಟದಲ್ಲಿ ಮಾಣಿಗೆ ಪ್ರಾಣ ಅಡುಗೆ. ಮೊದಲಿಗೆ ಸಿಗುವ ಮನೆಗೆ ಅಡುಗೆಮನೆಯೇ ಇರುವುದಿಲ್ಲ. ಹತ್ತು ಸಾವಿರ ಚಿನ್ನದ ನಾಣ್ಯ ಮತ್ತು 450 ತುಂಡು ಕಟ್ಟಿಗೆ ಒಟ್ಟುಮಾಡಿ ರಾಬಿನ್ ಎಂಬ ಬಡಗಿ ಹೆಂಗಸಿಗೆ ಕೊಟ್ಟರೆ, ಮೂರು ದಿನದಲ್ಲಿ ಒಲೆ, ಫ್ರಿಜ್ಜು ಸಮೇತ ಕಟ್ಟಿಕೊಡುತ್ತಾಳೆ. ಮೂರು ದಿನ ಅಂದರೆ ಮೂರೇ ದಿನ. ಅಲ್ಲಿನ ಒಂದು ದಿನಕ್ಕೆ ನಮ್ಮ ಕಾಲು ಗಂಟೆಯೂ ಬೇಡ. ಮಾಣಿಯ ಮನೆಯ ನಿಜವಾದ ಅಡುಗೆಮನೆಯ ಮಾಡು ರಿಪೇರಿಗೆ ಆಚಾರಿಯೂ ಮೂರು ದಿನವೆಂದೇ ಹೇಳಿದ್ದ. ಅವನು ಹೇಳಿದ ಮೂರು ದಿನದಲ್ಲಿ ಒಂದು ಚೌತಿಯ ಹಿಂದಿನದು, ಒಂದು ದೀಪಾವಳಿಯ ನಂತರದ್ದು, ಮೂರನೆಯದು ಇನ್ನೂ ಬರಬೇಕು. ಮಾಣಿ ಎಲ್ಲವನ್ನೂ ರಾಬಿನ್ನಳ ಜೊತೆ ಹೋಲಿಸಿ ಆಚಾರಿಯ ಮೇಲೆ ಸಿಟ್ಟಾಗುತ್ತಾನೆ. ರಾಬಿನ್‌ಗೆ ಬೇರೆ ಮನೆ ಕೆಲಸ ಇಲ್ಲ ಎಂಬುದನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಲೆ ಬಂತು ಎಂದ ಕೂಡಲೇ ಅಡುಗೆ ಬರುವುದಿಲ್ಲ. ಮೊಟ್ಟೆ ಹುರಿಯುವುದೊಂದು ಹುಟ್ಟಿನಿಂದಲೇ ಗೊತ್ತಿರುತ್ತದೆ. ಉಳಿದ ಎಂಬತ್ತರಷ್ಟು ಅಡುಗೆಯನ್ನು ಒಂದೊಂದಾಗಿ ಸಂಪಾದಿಸಬೇಕು. ರವಿವಾರ ಬೆಳಿಗ್ಗೆ ಟಿ.ವಿ.ಯಲ್ಲಿ 'ಸಾರಿನ ರಾಣಿ' ಎನ್ನಬಹುದಾದ ಹೆಂಗಸೊಬ್ಬಳು ಹೊಸ ಅಡುಗೆ ಹೇಳುತ್ತಾಳೆ, ತಪ್ಪಿದವರಿಗೆ ಬುಧವಾರ ಹಳೆಯದೊಂದು ಮರುಪ್ರಸಾರ. ಎರಡು ವರ್ಷಕ್ಕೆ ಒಟ್ಟು 32. ಆ ಊರಿನ ರವಿವಾರ ಮಾಣಿ ಒಮ್ಮೆಯೂ ತಪ್ಪಿಸಿಲ್ಲ. ನಮ್ಮ ಕಡೆಯ ರವಿವಾರಗಳಲ್ಲಿ ಅವನಿಗೆ ಮದುವೆಮನೆಗೂ ಪುರಸೊತ್ತಾಗಿಲ್ಲ. ಕೆಲವು ಅಡುಗೆಯನ್ನು ಗಸ್ ಎಂಬ ಖಾನಾವಳಿಯವನು ದುಡ್ಡಿಗೆ ಮಾರುತ್ತಾನೆ. ಇನ್ನು ಬಹಳಷ್ಟು ಬರುವುದು ಊರಿನವರ ಪ್ರೀತಿಯಿಂದ. ಅವರನ್ನು ದಿನಾ ಮಾತಾಡಿಸಬೇಕು, ವಾರಕ್ಕೆ ಎರಡು ಸಲ ಅವರಿಗಿಷ್ಟದ ವಸ್ತು ಒಯ್ದು ಕೊಡಬೇಕು. ಸ್ನೇಹ ಬೆಳೆದಂತೆ ಹೃದಯದ ಗುರುತು ಒಂದೊಂದಾಗಿ ತುಂಬುತ್ತದೆ. ಇಷ್ಟು ಹೃದಯ ತುಂಬಿತೆಂದರೆ ಅಂಚೆಯಲ್ಲಿ ಅಡುಗೆ ವಿಧಾನ ಬರುತ್ತದೆ. ಮಾತಾಡಿಸುವುದು ಬಿಟ್ಟರೆ ಸ್ನೇಹ ಇಳಿಯುತ್ತದೆ.

ಆ ಊರಿನಲ್ಲಿ ಎವೆಲಿನ್ ಎಂಬ ಅಜ್ಜಿ ಇದ್ದಾಳೆ. ಏಳು ಹೃದಯ ತುಂಬಿದ ಮೇಲೆ ಅವಳು ಕಳಿಸುವುದು ಹಾಲು, ಸಕ್ಕರೆ, ಅಕ್ಕಿ ಮೂರನ್ನೇ ಹಾಕಿದ ಒಂದು ಸಿಹಿ. ನಮ್ಮ ಭಾಷೆಯಲ್ಲಿ ಅಕ್ಕಿ ಪಾಯಸ. ಅದೂ ಏಲಕ್ಕಿ ಇಲ್ಲದ್ದು. ಆ ಪಾಯಸಕ್ಕಾಗಿ ಮಾಣಿ ಅವಳಿಗೆ ಹೂವು ಕೊಟ್ಟ, ಚಾಕಲೇಟ್ ಕೇಕು ಕೊಟ್ಟ, ಗಣಿಗಿಳಿದು ಅಗೆದು ತಂದ ವಜ್ರ ಕೊಟ್ಟ. ವಜ್ರ! ಕೆಳಗಿನ ಅಡುಗೆಮನೆಯಲ್ಲಿ ಅವನ ಸ್ವಂತ ಅಜ್ಜಿ ಹಬ್ಬ ಹುಣ್ಣಿಮೆಗೆಲ್ಲ ಕಾಯಿಹಾಲು, ಬೆಲ್ಲ ಹಾಕಿ ಪಾಯಸ ಮಾಡುತ್ತಾಳೆ. ಅವಳಿಗೆ ಹೊನ್ನಾವರ ಪೇಟೆಯಿಂದ ಒಂದು ಕಟ್ಟು ಕವಳದ ಎಲೆ ತಂದುಕೊಡು ಎಂದರೆ ಮಾಣಿಗೆ ಬೈಕಿನ ಪೆಟ್ರೋಲು ನೆನಪಾಗುತ್ತದೆ.

ಇನ್ನೊಬ್ಬ ಲೈನಸ್. ಗುಡ್ಡದ ಬದಿಯಲ್ಲಿ ಡೇರೆ ಹಾಕಿಕೊಂಡು ಒಂಟಿಯಾಗಿರುವ ಗಡ್ಡದ ಮುದುಕ. ಅವನಿಗೆ ತೆಂಗಿನಕಾಯಿ ಕೊಟ್ಟರೆ ಪರಮಾನಂದ. ಸ್ವಾಮಿಗಳಿಗೆ ಕಾಯಿ ಒಪ್ಪಿಸುವುದು ನಮಗೇನೂ ಹೊಸತಲ್ಲ. ಆದರೆ ಆ ಊರಿನಲ್ಲಿ ತೆಂಗಿನಕಾಯಿ ಸಿಗುವುದು ಮರಳುಗಾಡಿನಲ್ಲಿ. ಕೆಟ್ಟು ನಿಂತ ಬಸ್ಸನ್ನು ಮೊದಲು ರಿಪೇರಿ ಮಾಡಿಸಬೇಕು, ಅದಕ್ಕೆ ನಲವತ್ತು ಸಾವಿರದ ಮೇಲೆ ನಾಣ್ಯ. ಆಮೇಲೆ ಒಂದು ಸಲದ ಟಿಕೆಟಿಗೆ 500. ಮಾಣಿ ಹೀಗೆ ಬಸ್ಸು ಹತ್ತಿ ಮರಳಲ್ಲಿ ಅಲೆದು ಎರಡು ಕಾಯಿ ಹೆಕ್ಕಿ ಸಂಭ್ರಮಿಸುತ್ತಿದ್ದ ದಿನ, ಅಂಗಳದ ಮರದಿಂದ ಕಾಯೊಂದು ಬಿದ್ದು ಮಾಡಿನ ನಾಲ್ಕು ಹಂಚು ಒಡೆಯಿತು. "ಮಾವ, ಆ ಕಾಯಿ ಹೆಕ್ಕೂಕೆ ಯಾರನ್ನಾದ್ರೂ ಕಳ್ಸೂಕೆ ಹೇಳು" ಎಂದ, ಕಣ್ಣು ಮೇಲೆತ್ತದೆ. ಇಷ್ಟಾಗಿ ಮೂರು ಹೃದಯಕ್ಕೆ ಲೈನಸ್ ಕಳಿಸಿದ್ದು ಏನು? ಹಸಿ ಮೀನು ಕೊಯ್ದು ತಿನ್ನುವ ವಿಧಾನ. ತಟ್ಟೆಗೆ ಮೊಟ್ಟೆ ಬಂದರೂ ಎದ್ದುಹೋಗುವ ಮನೆಯ ಜನಿವಾರದ ಮಾಣಿ ಗಾಳ ಹಾಕಿ ಮೀನು ಹಿಡಿದು ಸಾಶಿಮಿ ಮಾಡಿದ. ಎಲ್ಲ ಅಡುಗೆಯನ್ನೂ ಒಮ್ಮೆಯಾದರೂ ಮಾಡಿದವನಿಗೆ ಒಂದು ಬಿರುದು ಇದೆಯಂತೆ, ಬಿರುದಿಗೆ ಮಡಿ ಮೈಲಿಗೆ ಇಲ್ಲವಂತೆ. ಅಜ್ಜಿ ಪರದೆ ನೋಡಿ, "ಕಲೆಂಡರದಲ್ಲಿ ಏಕಾದಶಿ ನೋಡಾದ್ರೂ ಮಾಡು" ಎಂದಷ್ಟೇ ಹೇಳಿದಳು.

ಅಜ್ಜಿಗೆ ದಿಗಿಲಾದದ್ದು ಮೀನಿನಿಂದಲ್ಲ, ಫ್ರಿಜ್ಜಿನಿಂದ. ಅಡುಗೆಗೆ ಬೇಕಾದ್ದೆಲ್ಲ ಕೈಯಲ್ಲೋ ಫ್ರಿಜ್ಜಿನಲ್ಲೋ ಇದ್ದರೆ ಒಂದು ಒತ್ತು ಒತ್ತಿದರಾಯಿತು, ತಟ್ಟೆ ತಯಾರು. ಒಬ್ಬನೇ ಆಡುವಾಗ ಗಡಿಯಾರವೂ ಅಷ್ಟು ಹೊತ್ತು ನಿಂತಿರುತ್ತದೆ. ಸೀಯುವುದಿಲ್ಲ, ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ. ಮಾಡಿದ್ದನ್ನು ಒಳಗಿಟ್ಟರೆ ಹಳಸುವುದೂ ಇಲ್ಲ.

"ಈ ಪಾಯಸ ಯಾವಾಗಿಂದು?" ಅಜ್ಜಿ ಕೇಳಿದಳು.

"ಎರಡು ವರ್ಷದ್ದು."

"ಉಂಬವ್ರು?"

"ಯಾರೂ ಇಲ್ಲೆ. ಶಕ್ತಿ ಕಮ್ಮಿ ಆದ್ರೆ ನಾನೇ ತಿಂಬುದು."

ಎರಡು ವರ್ಷದ ಮುಸುರೆಯನ್ನು ಮನೆಯೊಳಗಿಟ್ಟುಕೊಂಡವನ ಕೈಯಿಂದ ಆ ಸಂಜೆ ಅಜ್ಜಿ ನೀರನ್ನೂ ಮುಟ್ಟಿಸಿಕೊಳ್ಳಲಿಲ್ಲ.

ತಿನ್ನುವುದರ ಲಾಭ ಶಕ್ತಿಯೊಂದೇ ಅಲ್ಲ. ಒಂದು ಊಟಕ್ಕೆ ಬೇಸಾಯ ಚುರುಕಾಗುತ್ತದೆ, ಒಂದಕ್ಕೆ ಮೀನು ಚೆನ್ನಾಗಿ ಬೀಳುತ್ತದೆ, ಕಾಫಿ ಕುಡಿದರೆ ಕಾಲು ಬೇಗ ಓಡುತ್ತದೆ, ಕುಂಬಳಕಾಯಿ ಸೂಪಿಗೆ ಅದೃಷ್ಟ ಏರುತ್ತದೆ. ಅದೃಷ್ಟಕ್ಕೆ ನಾವು ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡು ಕಾಯುತ್ತೇವೆ. ಸೂಪಿನ ಫಲ ಮಾತ್ರ ಕುಡಿದ ಕೂಡಲೇ ಶುರು, ಎಷ್ಟು ಹೊತ್ತಿನ ತನಕ ಎಂದೂ ಬರೆದಿರುತ್ತದೆ. ಗಣಪತಿ ಈವರೆಗೆ ಅವಧಿ ಹೇಳಿದ್ದಿಲ್ಲ.

ಮಾಣಿ ಒಬ್ಬನೇ ಅಲ್ಲ. ಭಟ್ಕಳದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಟ್ಟಿಗೆ ಓದಿದ ಇನ್ನಿಬ್ಬರಿದ್ದಾರೆ, ಒಬ್ಬ ಭಟ್ಕಳದ ನವಾಯತರವ, ಒಬ್ಬ ಕುಮಟೆಯ ಕಡಲ ಬದಿಯವ. ಆಟದಲ್ಲಿ ಮೂವರದ್ದೂ ಒಂದೇ ಜಮೀನು, ಒಂದೇ ತಿಜೋರಿ. ಮೂರು ತಾಲೂಕು ಒಟ್ಟಾಗಿ ಜಗಳವಾಡದೆ ನಡೆಸಿದ ಸಂಸ್ಥೆ ನಾನು ನೋಡಿದ ಮಟ್ಟಿಗೆ ಇದೊಂದೇ. ಅಡುಗೆಯ ವಿಷಯ ಬಂದಾಗ ಮಾತ್ರ ಮನಸ್ತಾಪ.

ಕುಮಟೆಯವನಿಗೆ ವಿಲ್ಲಿ ಎಂಬ ಮೀನುಗಾರ ಕಳಿಸಿದ ಚೌಡರ್ ಎಂಬ ಅಡುಗೆಯಿಂದ ಮನಸ್ಸು ಮುರಿಯಿತು. ಒಂದು ಬಳಚು, ಒಂದು ಹಾಲು. ಅಘನಾಶಿನಿ ಅಳಿವೆಯ ಬಳಚು ತಿಂದು ಬೆಳೆದವ ಅವನು. "ಬಳಚಿಗೆ ಹಾಲಾ ಮಾರಾಯಾ? ಆಯಿ ಕೇಂಡ್ರೆ ನನ್ನ ಮನೆ ಒಳಗೆ ಸೇರ್ಸೂದಿಲ್ಲ" ಎಂದ. ಆಟದಲ್ಲಿ ನೀರಿನ ಹತ್ತಿರ ನೆಟ್ಟ ಭತ್ತಕ್ಕೆ ನೀರು ಹಾಕುವ ಕೆಲಸವಿಲ್ಲ ಎಂದು ಮಾಣಿ ಕೊಂಡಾಡಿದಾಗಲೂ ಅವನು ಒಪ್ಪಲಿಲ್ಲ. ಮಾಣಿಕಟ್ಟೆಯ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಉಪ್ಪುನೀರಿನಲ್ಲೇ ನಿಂತು ಬೆಳೆಯುತ್ತದೆ, ಅದರ ಮುಂದೆ ಇದೇನು ಮಹಾ ಎಂದ. ಭಟ್ಕಳದವನ ದುಃಖ ಬೇರೆ. ಆ ಊರಿನಲ್ಲಿ ಹಸು, ಕುರಿ, ಆಡು, ಕೋಳಿ, ಬಾತು ಎಲ್ಲ ಇವೆ, ಯಾವುದನ್ನೂ ಕೊಯ್ಯುವಂತಿಲ್ಲ. ಹಾಲು, ಮೊಟ್ಟೆ, ಉಣ್ಣೆಯಂಥವು ಮಾತ್ರ. "ಅಕ್ಕಿ ಉಂಟು, ಎಣ್ಣೆ ಉಂಟು, ಆಡು ಕಣ್ಣೆದುರೇ ಉಂಟು. ಬಿರಿಯಾನಿ ಇಲ್ಲ" ಎಂದು ಅವನು ಹೇಳುವಾಗ ಎಂಥ ಸಸ್ಯಾಹಾರಿಗೂ ಕರುಳು ಚುರುಕ್ಕೆನ್ನಬೇಕು. ಆಡು ಸಿಕ್ಕಿದ್ದರೂ ಬಿರಿಯಾನಿ ಆಗುತ್ತಿರಲಿಲ್ಲ. ಭಟ್ಕಳದ ಬಿರಿಯಾನಿ ನಿಲ್ಲುವುದೇ ಈರುಳ್ಳಿಯ ಮೇಲೆ, ಅಲ್ಲಿ ಈರುಳ್ಳಿ ಬೆಳೆಯೇ ಇಲ್ಲ. ವಸಂತದಲ್ಲಿ ಕಾಡಿನಲ್ಲಿ ಎಳೆ ಈರುಳ್ಳಿ ಗಿಡ ಸಿಗುತ್ತದೆ, ಅಷ್ಟೆ. ಈ ಸಂಗತಿ ತಿಳಿದ ದಿನ ಕುಮಟೆಯವ, ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣದ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕುವ ಸಿಹಿ ಈರುಳ್ಳಿಯ ಫೋಟೋ ತೆಗೆದು ಇಬ್ಬರಿಗೂ ಕಳಿಸಿ, ಎರಡು ದಿನ ಆಟಕ್ಕೆ ಬರಲಿಲ್ಲ. ಮಾಣಿಗೆ ಇದು ಅರ್ಥವಾಗಲಿಲ್ಲ. ಅವನ ಅಜ್ಜಿಯ ಅಡುಗೆಮನೆಗೂ ಈರುಳ್ಳಿ ಬರುವುದಿಲ್ಲ.

ಆ ಆಟದಲ್ಲಿ ಕಾಳುಮೆಣಸೂ ಇಲ್ಲ. ಇದೇ ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಅವರು ಹಡಗು ಕಟ್ಟಿ ಬಂದದ್ದೇ ಮೆಣಸಿಗೆ. ಮಾಣಿಯ ತೋಟದ ಅಡಿಕೆ ಮರಗಳಿಗೆ ಈಗಲೂ ಆ ಬಳ್ಳಿ ಹಬ್ಬಿದೆ. ಅವನು ಬೆಳೆಯುವುದು ಖಾರದ ಮೆಣಸಿನಕಾಯಿ, ಅದೂ ಪರದೆಯಲ್ಲಿ.

ಜುಲೈಯ ಒಂದು ರವಿವಾರ ಅಜ್ಜಿ ಕರ್ಕಿಯ ಕಡೆ ನೆಂಟರ ಮನೆ ಊಟಕ್ಕೆ ಹೋಗಿದ್ದಳು. ಮಾಣಿಗೆ ಉಮೇದು ಬಂತು. ಪತ್ರೊಡೆ ಮಾಡುತ್ತೇನೆ ಎಂದ. ಹಲಸಿನ ಮರದ ಕವಲಿನಿಂದ ಮರಕೆಸುವಿನ ಎಲೆ ಕೊಯ್ದು ತಂದ. ಇಳಿಯುವಾಗ ಜಿಗಣೆ ಹತ್ತಿದ್ದನ್ನು ಲೆಕ್ಕಿಸಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಅಕ್ಕಿ ನೆನೆಸಿದ್ದಿತ್ತು, ಕಾಯಿ ತುರಿದ, ಮೆಣಸು ಹಾಕಿ ರುಬ್ಬಿದ. ಎಲೆಯ ಬೆನ್ನು ಮೇಲೆ ಮಾಡಿ ಹಾಸಿ, ಹಿಟ್ಟು ಸವರಿ, ಅದರ ಮೇಲೆ ಇನ್ನೊಂದೆಲೆ ಇಟ್ಟು ಮತ್ತೆ ಸವರಿ, ಎರಡು ಬದಿ ಮಡಚಿ, ಬಿಗಿಯಾಗಿ ಸುರುಳಿ ಸುತ್ತಿ ಹಬೆಗಿಟ್ಟ. ನೋಡಲು ಅಜ್ಜಿಯದೇ ಪತ್ರೊಡೆ. ಬಿಲ್ಲೆ ಬಿಲ್ಲೆ ಕೊಯ್ದು ಮೊದಲ ತುಂಡು ಬಾಯಿಗಿಟ್ಟು, ಶಕ್ತಿ ಏರುವುದನ್ನು ಕಾಯುವವನಂತೆ ಒಂದು ಕ್ಷಣ ನೇರ ಕೂತ.

ಏರಿದ್ದು ತುರಿಕೆ. ನಾಲಿಗೆ, ಗಂಟಲು, ಆಮೇಲೆ ತುಟಿ. ಎಲೆ, ಅಕ್ಕಿ, ಕಾಯಿ, ಮೆಣಸು, ಎಲ್ಲ ಸೇರಿತ್ತು. ಕೆಸುವಿನ ತುರಿಕೆ ಕೊಲ್ಲುವ ಹುಳಿ ಮಾತ್ರ ಸೇರಿರಲಿಲ್ಲ. ಅಷ್ಟರಲ್ಲಿ ಅಜ್ಜಿ ಬಂದಳು. ಕೊಡೆ ಮಡಚುವ ಮೊದಲೇ ವಾಸನೆಗೆ ಗೊತ್ತಾಯಿತು.

"ಹುಳಿ ಹಾಕಿದ್ದಿಲ್ಯನೋ?"

ಮಾಣಿ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಒಂದು ಚೂರು ಹುಣಸೆಹಣ್ಣು ಬಾಯಿಗಿಟ್ಟು, ಮಜ್ಜಿಗೆ ಕುಡಿಸಿ, ಅಜ್ಜಿ ಅಲ್ಲೇ ಒಲೆ ಮುಂದೆ ಕೂರಿಸಿ ಹೇಳಿಕೊಟ್ಟಳು: ಎಷ್ಟು ಎಲೆಗೆ ಎಷ್ಟು ಹುಳಿ, ಮುರುಗಲಾದರೆ ಎಷ್ಟು, ಹಳೆ ಹುಣಸೆಯಾದರೆ ಎಷ್ಟು. ವಜ್ರ ಕೇಳಲಿಲ್ಲ.

ಮಾಣಿ ಬದಲಾದ ಎಂದು ನಾನು ಬರೆಯುವುದಿಲ್ಲ, ಆಗಿಲ್ಲ. ಮರುದಿನ ಆರಕ್ಕೆ ಎದ್ದು, ಅಂದರೆ ಹನ್ನೊಂದಕ್ಕೆ, ಹಸುವಿನ ಬೆನ್ನು ಸವರುತ್ತಿದ್ದ. ಆದರೆ ಅಂದಿನಿಂದ ಆಟದ ಪ್ರತಿ ಅಡುಗೆಯನ್ನೂ ಅನುಮಾನದಿಂದ ನೋಡತೊಡಗಿದ್ದಾನೆ. ಹಾಗೆ ನೋಡುತ್ತ ಅವನಿಗೇ ಹೊಳೆದದ್ದು: ಸಕ್ಕರೆ ಇದೆ, ಎಣ್ಣೆ ಇದೆ, ಹಿಟ್ಟು, ಅಕ್ಕಿ, ವಿನೆಗರ್ ಇದೆ, ಇಷ್ಟು ಅಡುಗೆಯಲ್ಲಿ ಒಂದಕ್ಕೂ ಉಪ್ಪು ಹಾಕುವುದಿಲ್ಲ. ಅಂಗಡಿಯಲ್ಲಿ ಉಪ್ಪು ಮಾರುವುದೂ ಇಲ್ಲ. ಸಮುದ್ರದ ಬದಿಯ ಊರು, ಉಪ್ಪಿಲ್ಲ! ಕುಮಟೆ ತಾಲೂಕಿನ ಸಾಣಿಕಟ್ಟೆಯಲ್ಲಿ ಎಷ್ಟೋ ತಲೆಮಾರಿನಿಂದ ಉಪ್ಪಿನಾಗರ ನಡೆಯುತ್ತಿದೆ. ಪಕ್ಕದ ಅಂಕೋಲೆಯವರು 1930ರಲ್ಲಿ ಇದೇ ಉಪ್ಪಿಗಾಗಿ ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅಂಥ ಸೀಮೆಯ ಮೂವರು ಹುಡುಗರು ವರ್ಷಗಟ್ಟಲೆ ಸಪ್ಪೆ ಅಡುಗೆ ಮಾಡಿ ಬಿರುದು ಗೆಲ್ಲಲು ಹೊರಟಿದ್ದರು.

ಹಾಗಾಗಿ ಮೂರು ತಾಲೂಕಿನ ಪರವಾಗಿ ಎರಿಕ್ ಬರೋನ್ ಅವರಲ್ಲಿ ಒಂದು ಮನವಿ. ಬಳಚಿಗೆ ಹಾಲು ಹಾಕಿದ್ದನ್ನು ಹೇಗೋ ಸಹಿಸಿಕೊಳ್ಳುತ್ತೇವೆ, ಬಿರಿಯಾನಿಯನ್ನು ಭಟ್ಕಳಕ್ಕೇ ಹೋಗಿ ತಿನ್ನುತ್ತೇವೆ. ಮುಂದಿನ ಆವೃತ್ತಿಯಲ್ಲಿ ದಯವಿಟ್ಟು ಉಪ್ಪು ಹಾಕಿ. ಸಾಣಿಕಟ್ಟೆಯಿಂದ ಒಂದು ಚೀಲ ಕಳಿಸಲು ಕುಮಟೆಯ ಹುಡುಗ ತಯಾರಿದ್ದಾನೆ. ಸಾಗಣೆಯ ಖರ್ಚು ಮಾತ್ರ ನಿಮ್ಮದು.