ರಟ್ಟಿನ ಪೆಟ್ಟಿಗೆಯ ಪಥ್ಯ

ಅಮೆರಿಕದಲ್ಲಿ ಹೊಟ್ಟೆ ಕರಗಿಸಹೊರಟವರು ನ್ಯೂಟ್ರಿಸಿಸ್ಟಂನಂಥ ಕಂಪನಿಗೆ ದುಡ್ಡು ಕಟ್ಟಿ ವಾರಗಟ್ಟಲೆಯ ಪಥ್ಯವನ್ನು ಮನೆಬಾಗಿಲಿಗೇ ತರಿಸಿಕೊಳ್ಳಬಹುದು. ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲದವರಿಗೆ ದಿನಸಿ ಅಂಗಡಿಯ ಫ್ರೀಜರಿನಲ್ಲಿ ಪಥ್ಯದೂಟದ ಪೊಟ್ಟಣಗಳು ಇದ್ದೇ ಇವೆ.

ಫ್ರೀಜರಿನ ಹಳೇ ಹುಲಿ ಲೀನ್ ಕ್ವಿಸೀನ್. 1981ರಲ್ಲಿ ಬಂದಾಗ 300 ಕ್ಯಾಲರಿಯೊಳಗೆ ಒಂದೂಟ ಎಂಬುದೇ ಅದರ ಜಂಬ. ಅದರ ಪ್ರತಿಸ್ಪರ್ಧಿ ಹೆಲ್ತಿ ಚಾಯ್ಸ್ ಹುಟ್ಟಿದ್ದು ಇನ್ನೂ ಸ್ವಾರಸ್ಯ: 1985ರಲ್ಲಿ ಆಹಾರ ಕಂಪನಿ ಕಾನ್‌ಆಗ್ರಾ ಮುಖ್ಯಸ್ಥ ಮೈಕ್ ಹಾರ್ಪರ್‌ಗೆ ಹೃದಯಾಘಾತವಾಯಿತು, ಮನೆಯಲ್ಲಿ ಪಥ್ಯ ಶುರುವಾಯಿತು, ಕೆಲವೇ ವರ್ಷಗಳಲ್ಲಿ ಪಥ್ಯವೇ ಕಂಪನಿಯ ಸರಕಾಯಿತು. ಕಾಯಿಲೆಯಲ್ಲೂ ವ್ಯಾಪಾರ ಕಂಡ ಗಟ್ಟಿಗ!

ಪೊಟ್ಟಣದ ಪ್ಲಾಸ್ಟಿಕ್ ಹಾಳೆಗೆ ಫೋರ್ಕ್ ಚುಚ್ಚಿ ಮೈಕ್ರೋವೇವ್‌ನಲ್ಲಿಟ್ಟರೆ ಅಂಚಿನ ಸಾಸ್ ಕೊತಕೊತ ಕುದಿಯುತ್ತದೆ, ನಡುವಿನ ಪಾಸ್ತಾ ಮಾತ್ರ ಮಂಜುಗಡ್ಡೆ. ಅರ್ಧಕ್ಕೆ ತೆಗೆದು ಕಲಕಿ ಎಂದು ಮೇಲೆ ಬರೆದಿರುತ್ತದೆ. ಹಸಿದವರು ಓದಿದರೆ ತಾನೆ? ಸೋಡಿಯಂ ಲೆಕ್ಕ ಓದಿದರಂತೂ, ಎಷ್ಟೋ ಪೊಟ್ಟಣಗಳಲ್ಲಿ 500 ಮಿಲಿಗ್ರಾಂ ದಾಟಿರುತ್ತದೆ.

ಇನ್ನು ಮನೆಗೆ ಬರುವ ಪೆಟ್ಟಿಗೆಯಲ್ಲಿ ತಿಂಡಿ, ಊಟ, ಕುರುಕಲು ಎಲ್ಲವೂ ಅಳೆದಿಟ್ಟದ್ದು. ಯೋಚನೆಯ ತಲೆನೋವಿಲ್ಲ, ನಿಜ. ಆದರೆ ನ್ಯೂಟ್ರಿಸಿಸ್ಟಂ ಗಿರಾಕಿ ಹಣ್ಣು, ತರಕಾರಿಯನ್ನು ತಾನೇ ಕೊಳ್ಳಬೇಕು. ಅಲ್ಲಿಗೆ ಅಂಗಡಿ ತಪ್ಪಲಿಲ್ಲ, ಅಲ್ಲಿನ ಐಸ್‌ಕ್ರೀಮೂ ತಪ್ಪಲಿಲ್ಲ.

ತೂಕ ಇಳಿಸುವ ಇನ್ನೊಂದು ಕಂಪನಿ ಜೆನ್ನಿ ಕ್ರೇಗ್ 2023ರಲ್ಲಿ ತನ್ನ ಕೇಂದ್ರಗಳಿಗೆ ಬೀಗ ಹಾಕಿತು. ಅದೇ ವರ್ಷ ಮನೆಬಾಗಿಲ ಪೆಟ್ಟಿಗೆಯಾಗಿ ಮತ್ತೆ ಬಂತು, ಇಳಿಸಿದ ತೂಕ ಮರಳುವ ಹಾಗೆ.