ಗಣಪತಿ ಸ್ವಲ್ಪ ಎಡಕ್ಕಿದ್ದಾನೆ

ಕೋರಲ್ ಡ್ರಾದಲ್ಲಿ ಪಿ ಎಂಬ ಕೀಲಿಗೆ ಒಂದು ಮಹಿಮೆ ಇದೆ. ಆರಿಸಿಕೊಂಡ ಚಿತ್ರ ಎಲ್ಲೇ ಬಿದ್ದಿರಲಿ, ಪಿ ಒತ್ತಿದರೆ ಪುಟದ ನಟ್ಟನಡುವೆ ಬಂದು ಕೂರುತ್ತದೆ. 1989ರಲ್ಲಿ ಕೆನಡಾದ ಒಟ್ಟಾವದಲ್ಲಿ ಹುಟ್ಟಿದ ಈ ತಂತ್ರಾಂಶ ನಮ್ಮ ಕಡೆಯ ಡಿಟಿಪಿ ಅಂಗಡಿಗಳಿಗೆ ಬಂದದ್ದೇ ಬಂದದ್ದು, ನಾಮಕರಣದಿಂದ ಹಿಡಿದು ವೈಕುಂಠ ಸಮಾರಾಧನೆಯವರೆಗೆ ಸಕಲ ಸಂಸ್ಕಾರಗಳ ಪೌರೋಹಿತ್ಯ ವಹಿಸಿಕೊಂಡುಬಿಟ್ಟಿತು.

ಅಂಗಡಿಗೆ ಹೊಸದಾಗಿ ಸೇರಿದ ಹುಡುಗರು ಮೊದಲು ಕಲಿಯುವುದು ಈ ಪಿಯನ್ನೇ. ಲಗ್ನಪತ್ರಿಕೆಯನ್ನೆಲ್ಲ ಟೈಪು ಮಾಡಿ, ಕಂಟ್ರೋಲ್ ಎ ಒತ್ತಿ ಎಲ್ಲವನ್ನೂ ಆರಿಸಿ, ಪಿ ಒತ್ತುತ್ತಾರೆ. ಯಂತ್ರ ಹೇಳಿದ ಮಾತು ಕೇಳುತ್ತದೆ. ಗಣಪತಿ, ವರ, ವಧು, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ, ಒಂದೊಂದೂ ನಟ್ಟನಡುವೆ ಬಂದು ಒಂದರ ಮೇಲೊಂದು ಬೀಳುತ್ತವೆ. ಧಾರೆಗೂ ಮುಂಚೆಯೇ ಎರಡೂ ಕಡೆಯ ಬೀಗರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ನಿಂತಿರುತ್ತಾರೆ. "ಮೊದಲು ಗ್ರೂಪ್ ಮಾಡೋ, ಆಮೇಲೆ ಪಿ ಹೊಡಿ" ಎಂದು ಒಳಗಿನಿಂದ ಕೂಗುವುದು ನನ್ನ ದಿನಚರಿಯ ಭಾಗ.

ಇದು ಸುಲಭದ ತಾಪತ್ರಯ, ಕಂಟ್ರೋಲ್ ಝಡ್‌ಗೆ ಹೋಗುತ್ತದೆ. ಅದಕ್ಕೆ ಹೋಗದ ತಾಪತ್ರಯವೆಂದರೆ ವಧುವಿನ ಸೋದರಮಾವ. ಪ್ರತಿ ಮದುವೆಯಲ್ಲೂ ಒಬ್ಬರು ಇರುತ್ತಾರೆ. ಕನ್ನಡಕ ಹಣೆಗೆ ಏರಿಸಿ, ಪರದೆಯ ಹತ್ತಿರ ಮೂಗು ತಂದು, "ಏನಪ್ಪಾ, ಗಣಪತಿ ಸ್ವಲ್ಪ ಎಡಕ್ಕಿದ್ದಾನಲ್ಲ?" ಎನ್ನುತ್ತಾರೆ.

"ಇಲ್ಲ ಸಾರ್, ಸೆಂಟರ್ ಮಾಡಿದೀನಿ. ಕಂಪ್ಯೂಟರೇ ಮಾಡಿರೋದು."

"ಕಂಪ್ಯೂಟರ್ ಮಾಡಿದ್ರೇನು, ನನಗೆ ಕಣ್ಣಿಲ್ವೇ?"

ಮಾವ ಹೇಳುವುದು ಸರಿ. ಗಣಪತಿ ನಿಜಕ್ಕೂ ಎಡಕ್ಕಿದ್ದಾನೆ. ತಪ್ಪು ಗಣಪತಿಯದಲ್ಲ, ಇಲಿಯದು. ಚಿತ್ರವನ್ನು ಕ್ಲಿಕ್ಕಿಸಿದರೆ ಸುತ್ತ ಎಂಟು ಕರೀ ಚೌಕಗಳು, ನಡುವೆ ಒಂದು ಪುಟ್ಟ ಗುಣಾಕಾರ ಚಿಹ್ನೆ ಕಾಣುತ್ತವೆ. ಯಂತ್ರಕ್ಕೆ ಕಾಣುವುದು ಅಷ್ಟೇ, ಒಂದು ಪೆಟ್ಟಿಗೆ. ಒಳಗೆ ಇರುವುದು ವಿಘ್ನೇಶ್ವರನೋ ಗ್ಯಾಸ್ ಸಿಲಿಂಡರೋ ಅದಕ್ಕೆ ಬೇಕಾಗಿಲ್ಲ. ಬಲಗಡೆ ಕೂತ ಇಲಿಯ ಬಾಲ ಗೆರೆಯಂತೆ ತೆಳ್ಳಗೆ 8 ಮಿಲಿಮೀಟರ್ ಹೊರಗೆ ಚಾಚಿದ್ದರೆ ಪೆಟ್ಟಿಗೆಯೂ ಬಲಕ್ಕೆ ಅಷ್ಟು ಹಿಗ್ಗುತ್ತದೆ. ಹಿಗ್ಗಿದ ಪೆಟ್ಟಿಗೆಯನ್ನು ನಡುವೆ ಇಟ್ಟಾಗ ಅಷ್ಟು ದೊಡ್ಡ ಹೊಟ್ಟೆಯ ಸ್ವಾಮಿ 4 ಮಿಲಿಮೀಟರ್ ಎಡಕ್ಕೆ ಸರಿದು ಬಾಲಕ್ಕೆ ಜಾಗ ಬಿಡುತ್ತಾನೆ. ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರವಾದರೆ ಬಾಲವೂ ಬೇಕಿಲ್ಲ. ಯಾರೋ ಪುಣ್ಯಾತ್ಮ ಮರೆತುಬಿಟ್ಟ ಬಿಳೀ ಚೌಕವೊಂದು ಬಿಳೀ ಪುಟದ ಮೇಲೆ ಕಣ್ಣಿಗೆ ಬೀಳದೆ ಕೂತು ಪೆಟ್ಟಿಗೆ ಹಿಗ್ಗಿಸುತ್ತದೆ. ವೈರ್‌ಫ್ರೇಮ್‌ಗೆ ಹೋಗಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಗೆರೆ ನೆಟ್ಟಗೆ ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದ್ದು ಇಂದು ನಿನ್ನೆಯದಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವಾನ್ ಸದರ್ಲ್ಯಾಂಡ್ ಎಂಬಾತ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಮಾಡಿದ. ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ಸೊಟ್ಟಗೆ ಗೀಚಿದ ಗೆರೆಗಳನ್ನು, ಹೀಗಿರಬೇಕು ಎಂದು ಹೇಳಿದರೆ ಸಾಕು, ಯಂತ್ರವೇ ನೆಟ್ಟಗೆ ಮಾಡಿಕೊಡುತ್ತಿತ್ತು. ಮಹಾಸಾಧನೆ, ಒಪ್ಪಿದೆ. ಆದರೆ ಅವನ ಎದುರು ಕುರ್ಚಿಯಲ್ಲಿ ಸೋದರಮಾವ ಕೂತಿರಲಿಲ್ಲ.

ಪೆಟ್ಟಿಗೆಯ ನಡು ಬೇರೆ, ಕಣ್ಣಿನ ನಡು ಬೇರೆ ಎನ್ನುವುದಕ್ಕೆ ಸಾಕ್ಷಿ ಎಲ್ಲರ ಮೊಬೈಲಿನಲ್ಲೂ ಇದೆ. ವಿಡಿಯೊ ಶುರುಮಾಡಲು ಒತ್ತುವ ಗುಂಡು ಬಟನ್ನಿನೊಳಗಿನ ತ್ರಿಕೋನವನ್ನು ಲೆಕ್ಕದ ಪ್ರಕಾರ ನಡುವೆ ಇಟ್ಟರೆ ಎಡಕ್ಕೆ ವಾಲಿದಂತೆ ಕಾಣುತ್ತದೆ. ತ್ರಿಕೋನದ ತೂಕವೆಲ್ಲ ಬುಡದಲ್ಲಿ, ಅದರ ಗುರುತ್ವಕೇಂದ್ರ ಬುಡದಿಂದ ಮೂರನೇ ಒಂದು ಪಾಲಿನಷ್ಟು ದೂರದಲ್ಲಿ. ಕಸುಬು ಬಲ್ಲವರು ಅದನ್ನು ಬಲಕ್ಕೆ ಒಂದಿಷ್ಟು ತಳ್ಳಿರುತ್ತಾರೆ.

ನಮ್ಮ ಶ್ರೀಕಾರವೂ ಇದೇ ಜಾತಿಯದು. ಪತ್ರಿಕೆಯ ನೆತ್ತಿಗೆ ಒಂಟಿ ಶ್ರೀ ಹಾಕಿ, ಪ್ರೆಸ್ಸಿನವರಿಗೆ ಫಾಂಟಿನ ರಗಳೆ ಬೇಡವೆಂದು ಕಂಟ್ರೋಲ್ ಕ್ಯೂ ಒತ್ತಿ ಕರ್ವ್ ಮಾಡಿ, ನಡುವೆ ತಂದು ನೋಡಿ. ಕೆಳಗೆ ಜೋತುಬಿದ್ದ ಒತ್ತು, ಬಲಕ್ಕೆ ಕೈಚಾಚಿದ ದೀರ್ಘ, ಇವೆರಡನ್ನೂ ಸಂಭಾಳಿಸಲು ಹೋಗಿ ಪಾಪ ಶಕಾರ ಎಡಮೇಲಕ್ಕೆ ಸರಿದಿರುತ್ತದೆ. ಕೋಪ ಬರುವುದು ಇಲ್ಲೇ. ಇಷ್ಟು ಚೆಂದದ ದುಂಡಗಿನ ಲಿಪಿಗೆ ಒತ್ತು-ದೀರ್ಘಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ನಡು ಹುಡುಕುವ ಒಂದು ಗುಂಡಿ ಇಡಲು ಯಾರಿಗೂ ಪುರುಸೊತ್ತಾಗಲಿಲ್ಲ. ಬಾಣದ ಕೀಲಿಗಳಿಂದ ಟುಕು ಟುಕು ಎಂದು ತಳ್ಳುತ್ತ ಕೂರುವುದೇ ಗತಿ.

ತೊಂದರೆ ಕೊಡದವರೂ ಇದ್ದಾರೆ ಎನ್ನಿ. ಆಗಸ್ಟ್ 15ರ ಬ್ಯಾನರಿನ ಅಶೋಕ ಚಕ್ರ, 24 ಕಡ್ಡಿ, ಎತ್ತ ತಿರುಗಿಸಿದರೂ ನಡು ನಡುವೆಯೇ. ನವೆಂಬರಿನ ಗಂಡಭೇರುಂಡವಂತೂ ಅಲೈನ್ ಮಾಡುವವರ ಕುಲದೈವ. ಎಡಕ್ಕೊಂದು ತಲೆ, ಬಲಕ್ಕೊಂದು ತಲೆ, ಆಚೆ ಈಚೆ ಗಜಕೇಸರಿ. ಪಿ ಒತ್ತಿ ಕಾಫಿಗೆ ಎದ್ದು ಹೋಗಬಹುದು.

ರಾಜಕೀಯದವರ ಫ್ಲೆಕ್ಸಿಗೆ ಬಂದರೆ ಪ್ರಶ್ನೆ ನಡುವಿನದಲ್ಲ, ಯಾರು ಯಾರ ಸಾಲಿಗೆ ಬರಬೇಕು ಎನ್ನುವುದು. ಕೋರಲ್‌ನಲ್ಲಿ ಶಿಫ್ಟ್ ಹಿಡಿದು ಒಂದೊಂದಾಗಿ ಆರಿಸಿದರೆ ಕೊನೆಯಲ್ಲಿ ಆರಿಸಿದ್ದು ಕದಲುವುದಿಲ್ಲ, ಉಳಿದವೆಲ್ಲ ಅದರ ಸಾಲಿಗೆ ಓಡಿಬರುತ್ತವೆ. ಪಕ್ಷಕ್ಕೆ ಕೊನೆಯಲ್ಲಿ ಬಂದವನಿಗೆ ಇಷ್ಟು ಮರ್ಯಾದೆ ಕೊಡುವುದನ್ನು ಹಳೇ ಕಾರ್ಯಕರ್ತರು ಸಹಿಸುವುದಿಲ್ಲ. ಪುಕ್ಕಟೆ ಸಿಗುವ ಇಂಕ್‌ಸ್ಕೇಪ್ ಈ ವಿಷಯದಲ್ಲಿ ಲೋಕಜ್ಞಾನಿ. ಮೊದಲು ಆರಿಸಿದ್ದಕ್ಕೋ, ಕೊನೆಗೆ ಆರಿಸಿದ್ದಕ್ಕೋ, ಎಲ್ಲಕ್ಕಿಂತ ದೊಡ್ಡದಕ್ಕೋ, ಚಿಕ್ಕದಕ್ಕೋ ಎಂದು ಕೇಳಿಕೊಂಡೇ ಸಾಲು ಮಾಡುತ್ತದೆ. ದೊಡ್ಡದಕ್ಕೆ ಎಂದು ಕೊಟ್ಟರೆ ಯಾವ ಜಿಲ್ಲೆಯಲ್ಲೂ ತಕರಾರಿಲ್ಲ.

ಕೆಳಗೆ "ಶುಭ ಕೋರುವವರು" ಎಂದು ನಿಲ್ಲುವ ಮರಿ ಮುಖಂಡರದು ಡಿಸ್ಟ್ರಿಬ್ಯೂಟ್ ಸಮಸ್ಯೆ. ನಡುವಿನಿಂದ ನಡುವಿಗೆ ಸಮ ದೂರ ಕೊಟ್ಟರೆ ಮೈಸೂರು ಪೇಟ ಇಟ್ಟವರ ಕಿವಿ ಪಕ್ಕದವರ ಕಿವಿಗೆ ತಾಗುತ್ತದೆ, ಸಣಕಲರ ಮಧ್ಯೆ ಬಸ್ಸು ಹೋಗುವಷ್ಟು ಜಾಗ. ಎಡೆಯನ್ನು ಸಮ ಮಾಡಿದರೆ, "ನಮ್ಮಣ್ಣ ಯಾಕೆ ಮೂಲೆಗೆ ಹೋದ್ರು?" ಎಂದು ಫೋನು. ಎಲ್ಲರನ್ನೂ ಒಂದೇ ಅಳತೆಯ ವೃತ್ತದೊಳಗೆ ಪವರ್‌ಕ್ಲಿಪ್ ಮಾಡಿ ಕೂರಿಸುವುದೊಂದೇ ದಾರಿ. ಪೇಟ ಸ್ವಲ್ಪ ಕತ್ತರಿಸಿಹೋಗುತ್ತದೆ, ಸಮಾನತೆಗೆ ಅಷ್ಟು ತೆರಬೇಕು.

ಸೋದರಮಾವ ಅಷ್ಟರಲ್ಲಿ ಜೇಬಿನಿಂದ ಸ್ಕೇಲು ತೆಗೆದಿರುತ್ತಾರೆ. ಕಣ್ಣಿಗೆ ಸರಿಬರುವಂತೆ ಗಣಪತಿಯನ್ನು ಬಲಕ್ಕೆ ತಳ್ಳಿದ್ದೇವಲ್ಲ, ಈಗ ಪ್ರಿಂಟಿನ ಮೇಲೆ ಎಡ ಅಂಚಿನಿಂದ ಹೊಟ್ಟೆ, ಬಲ ಅಂಚಿನಿಂದ ಬಾಲ ಅಳೆದು, ಲೆಕ್ಕ ತಾಳೆಯಾಗುತ್ತಿಲ್ಲ ಎನ್ನುತ್ತಾರೆ. ಕಣ್ಣೂ ಅವರದೇ, ಸ್ಕೇಲೂ ಅವರದೇ. ನಾನು ಇಂಥ ಹೊತ್ತಿನಲ್ಲಿ ಬಾಲವನ್ನೇ ಒಳಕ್ಕೆ ಮಡಚಿಬಿಡುತ್ತೇನೆ. ನೋಡ್ ಹಿಡಿದು ಎಳೆದರೆ ಇಲಿ ಏನೂ ಅನ್ನುವುದಿಲ್ಲ.

ಇಷ್ಟೆಲ್ಲ ಆಗಿ ಪತ್ರಿಕೆ ಕಟಿಂಗಿಗೆ ಹೋಗುತ್ತದೆ. ಕಟ್ಟು ಕಟ್ಟಾಗಿ ಜೋಡಿಸಿ ಬ್ಲೇಡು ಇಳಿಸಿದಾಗ ಮೇಲಿನ ಹಾಳೆಗೂ ತಳದ ಹಾಳೆಗೂ ಕೂದಲೆಳೆ ವ್ಯತ್ಯಾಸ ಬಂದೇ ಬರುತ್ತದೆ, ಬ್ಲೇಡು ಮೊಂಡಾಗಿದ್ದರೆ ಮಿಲಿಮೀಟರೇ ಬರುತ್ತದೆ. ಸ್ಕೇಲು ಹಿಡಿದ ಮಾವನ ವಿಷಯ ಹೇಳಿ ಜೋಪಾನ ಎಂದೆ. ಕಟಿಂಗಿನವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ: "ಅವರದ್ದು ಎಷ್ಟು ಪ್ರತಿ ಅಂತ ಹೇಳಿ ಸಾರ್. ಮೇಲಿನವನ್ನ ಅವರಿಗೆ ಕಟ್ಟಿಡ್ತೀನಿ, ತಳದವನ್ನ ಗಂಡಿನ ಕಡೆಯವರಿಗೆ ಕೊಡಿ."